ಅಂಚಿನಲ್ಲೊಂದು ಸಡಿಲಿಕೆ



ನನ್ನ ತರಗತಿಯ ನಿಶ್ಶಬ್ದವು ಇಡೀ ಶಾಲೆಯಲ್ಲಿ ಹೆಸರಾಗಿತ್ತೆಂಬುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ನನಗೂ ಅದರ ಬಗ್ಗೆ ಹೆಮ್ಮೆಯಿತ್ತು. ಕಳೆದ ತಿಂಗಳು ಮನೆಗೆ ಬಂದ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಸಂಶೋಧನೆಯ ವಿಷಯ ವಿವರಿಸುತ್ತ, ತನಗರಿವಿಲ್ಲದೆಯೇ ಆ ಹೆಮ್ಮೆಯನ್ನು ಅಲುಗಾಡಿಸಿ ಹೋದ.

ಸೂರ್ಯನ ಒಡಲಲ್ಲಿ ನಡೆಯುವ ಬೈಜಿಕ ಸಮ್ಮಿಲನವನ್ನು ಭೂಮಿಯ ಮೇಲೆ ನಡೆಸಲು ಜಲಜನಕದ ಪ್ಲಾಸ್ಮಾವನ್ನು ಸುಮಾರು 15 ಕೋಟಿ ಡಿಗ್ರಿಗೆ ಕಾಯಿಸಬೇಕು. ಅಂಥದನ್ನು ಯಾವ ಪಾತ್ರೆಯೂ ತಾಳದು. ಟೋಕಮಾಕ್ ಎಂಬ ಬಳೆಯಾಕಾರದ ಯಂತ್ರದಲ್ಲಿ ಕಾಂತಕ್ಷೇತ್ರವೇ ಅದನ್ನು ಹಿಡಿದಿಡುತ್ತದೆ. 1982ರಲ್ಲಿ ಜರ್ಮನಿಯ ಗಾರ್ಶಿಂಗ್‌ನಲ್ಲಿ ಫ್ರಿಟ್ಜ್ ವಾಗ್ನರ್ ಮತ್ತು ಸಂಗಡಿಗರು, ಪ್ಲಾಸ್ಮಾದ ಅಂಚು ತಾನಾಗಿ ಬಿಗಿಗೊಂಡು ಶಾಖವನ್ನು ಸುಮಾರು ಇಮ್ಮಡಿ ಚೆನ್ನಾಗಿ ಉಳಿಸಿಕೊಳ್ಳುವ ಸ್ಥಿತಿಯೊಂದನ್ನು ಕಂಡರು. ಆದರೆ ಆ ಬಿಗಿಯಾದ ಅಂಚಿನಲ್ಲಿ ಒತ್ತಡ ಏರುತ್ತ ಹೋಗಿ, ಮಿತಿ ಮೀರಿದೊಡನೆ ಸಿಡಿಯುತ್ತದೆ. ಮತ್ತೆ ಏರುತ್ತದೆ, ಮತ್ತೆ ಸಿಡಿಯುತ್ತದೆ. ಮಿಲಿಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ಚಿಮ್ಮುವ ಶಾಖಕ್ಕೆ, ದೊಡ್ಡ ಯಂತ್ರಗಳಲ್ಲಿ, ಒಳಗೋಡೆಯ ಟಂಗ್‌ಸ್ಟನ್ ಕೂಡ ಕರಗಬಹುದು.

"ಹಾಗಾದರೆ ಇನ್ನಷ್ಟು ಬಿಗಿಯಾಗಿ ಹಿಡಿಯಬೇಕಲ್ಲವೇ?" ಎಂದೆ.

"ಇಲ್ಲ ಸರ್, ಅಂಚನ್ನು ಸ್ವಲ್ಪ ಕೆಡಿಸಬೇಕು" ಎಂದ.

ಅಮೆರಿಕದ ಸ್ಯಾನ್ ಡಿಯಾಗೊದಲ್ಲಿರುವ ಡಿ-ಥ್ರೀ-ಡಿ ಯಂತ್ರದಲ್ಲಿ ಹಾಗೆಯೇ ಮಾಡಿದರು. ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಹೆಚ್ಚುವರಿ ತಂತಿಸುರುಳಿಗಳಿಂದ, ಮುಖ್ಯ ಕ್ಷೇತ್ರದ ಸಾವಿರದಲ್ಲೊಂದು ಪಾಲಿಗೂ ಕಡಿಮೆಯಾದ ಒಂದು ಏರುಪೇರನ್ನು ಅಂಚಿನಲ್ಲಿ ಉಂಟುಮಾಡಿದಾಗ, ಕಣಗಳು ನಿರಂತರವಾಗಿ ಸ್ವಲ್ಪಸ್ವಲ್ಪವೇ ಸೋರಿದವು. ಒತ್ತಡವು ಸಿಡಿಯುವ ಮಟ್ಟಕ್ಕೆ ಏರಲಿಲ್ಲ. ಏರುಪೇರು ಅತಿಯಾದರೆ ಪ್ಲಾಸ್ಮಾವೇ ಹದಗೆಡುತ್ತದೆ. ಅಳತೆ ತಿಳಿಯುವುದೇ ಕಷ್ಟ. ದಕ್ಷಿಣ ಫ್ರಾನ್ಸಿನಲ್ಲಿ ಭಾರತವೂ ಪಾಲುದಾರನಾಗಿ ಕಟ್ಟುತ್ತಿರುವ ಈಟರ್ ಯಂತ್ರದ ವಿನ್ಯಾಸದಲ್ಲಿ ಇದಕ್ಕೆಂದೇ 27 ಸುರುಳಿಗಳಿವೆ.

ಅವನು ಹೋದ ಮೇಲೆ ನನಗೆ ಮತ್ತೊಬ್ಬ ಹುಡುಗ ನೆನಪಾದ. ಪಿಸುಗುಟ್ಟಿದರೂ ಅವನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ವರ್ಷದ ನಡುವೆ ಒಂದು ದಿನ ಅವನು ಪುಸ್ತಕಗಳನ್ನು ನನ್ನ ಮೇಜಿನ ಮೇಲೆ ಎಸೆದು ಹೊರನಡೆದ. ಮತ್ತೆ ಶಾಲೆಗೆ ಬರಲಿಲ್ಲ. "ಶಿಸ್ತಿಲ್ಲದವನು" ಎಂದು ನಾನು ಹೇಳಿದೆ, ಎಲ್ಲರೂ ಒಪ್ಪಿದರು. ಅವನ ಮನೆಗೆ ಹೋಗಿ ವಿಚಾರಿಸಬೇಕೆಂದು ನನಗೆ ತೋಚಲಿಲ್ಲ.

ಮಕ್ಕಳು ಪ್ಲಾಸ್ಮಾ ಅಲ್ಲವೆಂದು ಬಲ್ಲೆ. ಆದರೂ ದಿನಕ್ಕೆರಡು ನಿಮಿಷದ ಗುಸುಗುಸು ಮಾತನ್ನು ನಾನು ಸಹಿಸಬಹುದಿತ್ತು.

ಇದನ್ನು ಓದುವವರಲ್ಲಿ ಅವನ ಸಹಪಾಠಿಗಳಿದ್ದೀರಿ. ಅವನೆಲ್ಲಿದ್ದಾನೆಂದು ಬಲ್ಲವರು ದಯವಿಟ್ಟು ನನಗೆ ತಿಳಿಸಿ. ಈ ಸಲ ಅವನು ಮಾತನಾಡಲಿ, ನಾನು ಕೇಳುತ್ತೇನೆ.