ಹಕಾರ ಪುರಾಣ

ಕನ್ನಡ ಟೀಚರುಗಳ ಕೆಂಪು ಶಾಯಿಯನ್ನು ಅತಿ ಹೆಚ್ಚು ಕುಡಿಯುವ ಅಕ್ಷರ ಯಾವುದೆಂದು ಯಾರಾದರೂ ಕೇಳಿದರೆ ನಾನು ಯೋಚಿಸದೆ ಹೇಳಿಬಿಡುತ್ತೇನೆ: ‘ಹ’. ಮಂಡ್ಯ ಸೀಮೆಯ ಹಳ್ಳಿ ಶಾಲೆಗಳಲ್ಲಿ ಪಾಠ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮಕ್ಕಳ ನೋಟ್ ಪುಸ್ತಕದಲ್ಲಿ ಅಕ್ಕಿ ಮರದ ಮೇಲೆ ಕೂತು ಕೂಗುತ್ತದೆ. ಅಮ್ಮ ಹಕ್ಕಿಯನ್ನು ತೊಳೆದು ಒಲೆಯ ಮೇಲಿಡುತ್ತಾಳೆ. ಹಾಲು ‘ಆಲು’ ಆಗುತ್ತದೆ, ಆನೆ ‘ಹಾನೆ’ ಆಗುತ್ತದೆ. ಕರೆದಾಗ ಬಾರದೆ, ಕರೆಯದಿದ್ದಾಗ ಬಂದು ಕೂರುವ ನೆಂಟನಂತೆ ಈ ಹಕಾರ.

ಓದಿ ನಗುವುದೇನೋ ಸುಲಭ. ಆದರೆ ‘ಹಾನೆ’ ಎಂದು ಬರೆದ ಮಗುವಿಗೆ ಅಸಡ್ಡೆ ಎಂದು ಮಾತ್ರ ಹೇಳಬಾರದು. ಮನೆಯಲ್ಲಿ ಕಿವಿಗೆ ಬೀಳದ ಅಕ್ಷರವೊಂದು ಶಾಲೆಯಲ್ಲಿ ಬೇಕೇ ಬೇಕು ಎನ್ನುತ್ತಾರೆ. ಎಲ್ಲಿ ಬೇಕೆಂದು ತಿಳಿಯದ ಮಗು, ಯಾವುದಕ್ಕೂ ಇರಲಿ ಎಂದು ಒಂದನ್ನು ಹೆಚ್ಚಾಗಿಯೇ ಹಾಕಿಬಿಡುತ್ತದೆ. ಪಾಪ, ಅದು ಅತಿ ಎಚ್ಚರದ ತಪ್ಪು.

ಕೆಲವು ವರ್ಷಗಳ ಹಿಂದೆ ರಾಜ್ಯೋತ್ಸವದ ದಿನ ನನ್ನ ಎಂಟನೇ ತರಗತಿಯ ಹುಡುಗಿಯೊಬ್ಬಳು ಸ್ವಾಗತ ಭಾಷಣಕ್ಕೆ ನಿಂತಳು. ವಾರವಿಡೀ ಉರು ಹೊಡೆದಿದ್ದಳು. ವೇದಿಕೆ ಏರಿದ ಗಾಬರಿಯಲ್ಲಿ, ಅತಿಥಿಗಳಿಗೆ ‘ಆದರದ ಸ್ವಾಗತ’ ಎನ್ನುವ ಕಡೆ ಆದರಕ್ಕೂ ಒಂದು ಹಕಾರ ಸೇರಿಸಿಬಿಟ್ಟಳು. ಆ ಮಾತಿನ ಅರ್ಥ ಗೊತ್ತಿದ್ದ ದೊಡ್ಡವರೇ ಮೊದಲು ನಕ್ಕರು; ಅವರನ್ನು ನೋಡಿ ಮಕ್ಕಳೂ ನಕ್ಕರು. ಉಳಿದದ್ದನ್ನು ಹೇಳದೆ ಅವಳು ಇಳಿದು ಬಂದಳು. ಮರುದಿನದಿಂದ ಹಾಜರಿ ಕರೆದರೆ ಕೈ ಮಾತ್ರ ಎತ್ತುವಳು. ಪದ್ಯ ಓದು ಎಂದರೆ ತಲೆ ತಗ್ಗಿಸುವಳು. ಹದಿಮೂರು ವರ್ಷದ ಹುಡುಗಿ ಶಾಲೆಯಲ್ಲಿ ಬಾಯಿ ಮುಚ್ಚಿದಳೆಂದರೆ, ಶಾಲೆಯನ್ನೇ ಬಿಡಲು ಬಹಳ ದಿನ ಬೇಕಿಲ್ಲ. ನನಗಿದ್ದ ಭಯ ಅದೇ.

ಸಮಾಧಾನ ಹೇಳಹೋದರೆ ಅವಳ ಕಣ್ಣು ತುಂಬುತ್ತಿತ್ತು. ಕೊನೆಗೆ ನಾನು ಪಾಠವನ್ನೇ ನಂಬಿದೆ. ಒಂದು ದಿನ ಗದ್ಯವನ್ನು ಬದಿಗಿಟ್ಟು ಕಪ್ಪು ಹಲಗೆಯ ಮೇಲೆ ಮೂರು ಸಾಲು ಬರೆದೆ. ಪಾಲ್, ಹಾಲು, ಆಲು. ಪಾವು, ಹಾವು, ಆವು. ಪೂ, ಹೂ, ಊ. 941ರಲ್ಲಿ ‘ಆದಿಪುರಾಣ’ ಬರೆದ ಪಂಪನ ಕನ್ನಡದಲ್ಲಿ ಹಾಲಿಗೆ ‘ಪಾಲ್’ ಎಂದೇ ಹೆಸರು. ತಮಿಳರೂ ತೆಲುಗರೂ ಇವತ್ತಿಗೂ ಆ ಪಕಾರವನ್ನು ಬಿಟ್ಟಿಲ್ಲ. ನಮ್ಮಲ್ಲಿ ಅದು ಬರಬರುತ್ತ ಸವೆದು ಹಕಾರವಾಯಿತು. ಕುಮಾರವ್ಯಾಸನ ಹೊತ್ತಿಗೆ ನೆಲೆ ನಿಂತಿತ್ತು. ಈ ಕಡೆಯ ಹಳ್ಳಿಗಳ ನಾಲಗೆಯ ಮೇಲೆ ಇನ್ನಷ್ಟು ಸವೆದು ಬರೀ ಸ್ವರ ಉಳಿದಿದೆ. “ಮೊದಮೊದಲು ‘ಹಾಲು’ ಅಂದವರನ್ನು ನೋಡಿಯೂ ಯಾರೋ ನಕ್ಕಿರಬೇಕು” ಎಂದೆ.

ತರಗತಿ ಸುಮ್ಮನಿತ್ತು. ಹಿಂದಿನ ಬೆಂಚಿನಿಂದ ಅವಳ ದನಿ ಕೇಳಿಸಿತು: “ಅಂಗಾದ್ರೆ ನಮ್ಮಜ್ಜಿ ಮಾತಾಡೋದು ತಪ್ಪಲ್ವಾ ಮಿಸ್?”

ಇಷ್ಟು ದಿನ ಅವಳನ್ನು ಕೊರೆಯುತ್ತಿದ್ದದ್ದು ಏನೆಂದು ನನಗೆ ಆಗ ತಿಳಿಯಿತು. ಜನ ತನ್ನ ಮನೆಯವರನ್ನೆಲ್ಲ ನಿಲ್ಲಿಸಿಕೊಂಡು ನಕ್ಕಂತೆ ಅವಳಿಗೆ ಆಗಿತ್ತು. “ಇಲ್ಲ ಕಣವ್ವ, ನಿಮ್ಮಜ್ಜಿ ನಮಗಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ನಾವೇ ಇನ್ನೂ ಹಿಂದೆ” ಎಂದೆ. ಮಕ್ಕಳೆಲ್ಲ ನಕ್ಕರು. ಅವಳೂ ನಕ್ಕಳು.

ಹಾಗೆಂದು ಹಕಾರವನ್ನು ನಾನು ಬಿಟ್ಟುಕೊಡಲಿಲ್ಲ. ಎಸ್.ಎಸ್.ಎಲ್.ಸಿ.ಯಲ್ಲಿ ಪ್ರಥಮ ಭಾಷೆಗೆ 125 ಅಂಕ. ಉತ್ತರ ಪತ್ರಿಕೆ ತಿದ್ದುವವರ ಮುಂದೆ ಪಂಪನ ಹೆಸರು ಹೇಳಿ ಪಾರಾಗಲು ಬರುವುದಿಲ್ಲ. ಮಕ್ಕಳಿಗೆಲ್ಲ ಅಂಗೈಯನ್ನು ಬಾಯಿಯ ಮುಂದೆ ಹಿಡಿಯಲು ಹೇಳಿದೆ. ‘ಹ’ ಎಂದರೆ ಬಿಸಿಯುಸಿರು ಅಂಗೈಗೆ ತಾಗಬೇಕು. ಅಕ್ಕಿ–ಹಕ್ಕಿ, ಆಡು–ಹಾಡು, ಅತ್ತು–ಹತ್ತು ಎಂದು ದಿನಕ್ಕೆ ಐದು ನಿಮಿಷ ಇಡೀ ತರಗತಿ ಅಂಗೈಗೆ ಉಸಿರು ಬಿಟ್ಟಿತು. ಪಕ್ಕದ ಕೋಣೆಯ ಗಣಿತದ ಮೇಷ್ಟ್ರು “ಏನು ಮೇಡಂ, ಪ್ರಾಣಾಯಾಮವೇ?” ಎಂದು ಇಣುಕಿ ನೋಡಿದರು. ಅಲ್ಪಪ್ರಾಣ, ಮಹಾಪ್ರಾಣ ಕಲಿಸುವವಳಿಗೆ ಅದೂ ಸಲ್ಲುವ ಮಾತೇ ತಾನೆ!

ಮಕ್ಕಳ ಮೇಲೆ ಮಮತೆಯಿರುವ ಟೀಚರ್ ಎಂದರೆ ಅಂಕವನ್ನು ಧಾರಾಳವಾಗಿ ಹಾಕುವವಳು ಎಂದು ಕೆಲವರ ಎಣಿಕೆ. ಮಗು ಎಲ್ಲಿಂದ ಹೊರಟು ಬಂದಿದೆ ಎಂದು ತಿಳಿದುಕೊಳ್ಳುವುದೇ ದೊಡ್ಡ ಮಮತೆ ಎಂದು ನನ್ನ ನಂಬಿಕೆ. ಮನೆಯ ಮಾತನ್ನು ಹೀಗಳೆಯದೆ ಪುಸ್ತಕದ ಮಾತನ್ನು ಕೊಟ್ಟರೆ ಮಕ್ಕಳು ಎರಡನ್ನೂ ಇಟ್ಟುಕೊಳ್ಳುತ್ತಾರೆ.

ಆ ಹುಡುಗಿ ಎಸ್.ಎಸ್.ಎಲ್.ಸಿ. ಪಾಸು ಮಾಡಿ ಮುಂದೆ ಓದಿದಳು. ಮೊನ್ನೆ ಸಂತೆಯಲ್ಲಿ ಸಿಕ್ಕಿ, ಜನರ ನಡುವೆಯೇ ಗಟ್ಟಿಯಾಗಿ “ಎಂಗಿದ್ದೀರ ಮಿಸ್?” ಎಂದಳು. “ಚೆನ್ನಾಗಿದ್ದೀನಿ ಕಣವ್ವ” ಎಂದೆ. ತಿದ್ದಬೇಕೆಂದು ನನಗೆ ಅನ್ನಿಸಲೇ ಇಲ್ಲ.