ಹಂಚು ಕೈಯಾಡಿಸುವ ದಿನ

ಮೇ ತಿಂಗಳ ಕೊನೆಯ ವಾರ ಮತ್ತಿಘಟ್ಟದಲ್ಲಿ ಯಾರನ್ನಾದರೂ ಹುಡುಕಿಕೊಂಡು ಹೋದರೆ ಅಂಗಳದಲ್ಲಿ ನಿಂತು ತಲೆ ಎತ್ತಿ ಕೂಗಬೇಕು. ಮನೆಯ ಯಜಮಾನ ಮಾಡಿನ ಮೇಲಿರುತ್ತಾನೆ. ಸಿರಸಿ ತಾಲೂಕಿನ ಈ ಊರು ಘಟ್ಟದ ಅಂಚಿನದು. ಇದರಾಚೆ ಕಾಡು ಕರಾವಳಿಯತ್ತ ಇಳಿಯತೊಡಗುತ್ತದೆ. ಸಮುದ್ರದಿಂದ ಏದುಸಿರು ಬಿಡುತ್ತ ಹತ್ತಿ ಬಂದ ಮೋಡ ಸುಸ್ತಾಗಿ ಚೀಲ ಇಳಿಸುವುದು ನಮ್ಮ ತಲೆಯ ಮೇಲೆಯೇ. ಅದಕ್ಕೇ ಮಳೆ ಹಿಡಿಯುವ ಮೊದಲು ಹಂಚು ಕೈಯಾಡಿಸಬೇಕು.

ಕೈಯಾಡಿಸುವುದು ಎಂಬ ಮಾತು ಎಷ್ಟು ಚೆನ್ನಾಗಿದೆ ನೋಡಿ. ಮಗುವಿನ ತಲೆಗೂ ಅದೇ, ಮಾಡಿಗೂ ಅದೇ. ಹಂಚನ್ನು ಒಂದೊಂದಾಗಿ ಎತ್ತಿ, ಪಾಚಿ ಕೆರೆದು, ಒಡೆದದ್ದನ್ನು ಬದಲಿಸಿ, ಒರಲೆ ತಿಂದ ರೀಪು ಕಿತ್ತು ಹೊಸದು ಬಡಿಯುವುದು. ಮುಕ್ಕಾಲು ಸೋರಿಕೆಗೆ ಮಂಗವೇ ಕಾರಣ. "ಹಂಚು ಒಡದ್ದಿಲ್ಲೆ ತಮಾ, ಜರಗಿದ್ದು ಅಷ್ಟೇಯ" ಎಂದು ಅಪ್ಪಯ್ಯ ಹೇಳುತ್ತಿದ್ದುದು ವೈದ್ಯರ ಮಾತಿನಂತೆ ಸಮಾಧಾನ ಕೊಡುತ್ತಿತ್ತು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆಯುವ ಮೊದಲು ನಮ್ಮ ಕಡೆಯದೆಲ್ಲ ಅಡಿಕೆ ಸೋಗೆಯ ಮಾಡು. ಅದನ್ನಂತೂ ವರ್ಷವರ್ಷವೂ ಹೊದೆಸಲೇಬೇಕಿತ್ತು. ಹಂಚು ಬಂದರೂ ಆ ಅಭ್ಯಾಸ ಬಿಡಲಿಲ್ಲ.

ಮನೆಯದು ಮುಗಿದ ಮಾರನೆಯ ದಿನ ಶಾಲೆಯ ಸರದಿ. ಮನೆಗೊಬ್ಬ ಆಳು. ಅಡಿಕೆ ಮರದಲ್ಲಿ ಕೊನೆ ಇಳಿಸುವ ಕೊನೆಗೌಡನೇ ಅವತ್ತು ಪಕಾಸಿಯ ಮೇಲೆ ಕಾಲಿಟ್ಟು ನಡೆಯುವ ಎಂಜಿನಿಯರು. ನಾವು ಹುಡುಗರು ಸಾಲಾಗಿ ನಿಂತು ಹಂಚು ದಾಟಿಸುತ್ತಿದ್ದೆವು. ನಡುವೆ ಮಜ್ಜಿಗೆ, ಒಗ್ಗರಣೆ ಅವಲಕ್ಕಿ. ಆ ಕಟ್ಟಡ ಪಾರಂಪರಿಕವೆಂದು ಯಾರೂ ನಮಗೆ ಹೇಳಿರಲಿಲ್ಲ. ಸೋರಿದರೆ ನಾವೇ ಒದ್ದೆಯಾಗುತ್ತೇವೆ ಎಂಬುದಷ್ಟೇ ಗೊತ್ತಿತ್ತು.

ಆಮೇಲೆ ಜೀರ್ಣೋದ್ಧಾರ ಎಂಬ ದೊಡ್ಡ ಶಬ್ದ ಬಂತು. ಘಟ್ಟದ ಮೇಲೂ ಕೆಳಗೂ ಇದರ ಚಾಲ್ತಿಯ ಅರ್ಥ ಒಂದೇ: ಇರುವುದನ್ನು ಕೆಡವಿ ಸ್ಲ್ಯಾಬ್ ಹಾಕುವುದು. ನನಗೆ ಪರಿಚಯದ ಒಂದು ಊರಲ್ಲಿ ಚಿರೆಕಲ್ಲಿನ ಗೋಡೆಯನ್ನು ಜೆಸಿಬಿ ಅರ್ಧ ದಿನದಲ್ಲಿ ಮುಗಿಸಿತು. ಹೊಸ ಕಟ್ಟಡ ಮೂರನೆಯ ಮಳೆಗಾಲಕ್ಕೇ ಸೋರಿತು. ಸ್ಲ್ಯಾಬಿಗೆ ಕೈಯಾಡಿಸುವುದು ಹೇಗೆಂದು ಯಾರಿಗೂ ತಿಳಿಯದೆ ಅದರ ಮೇಲೆ ತಗಡಿನ ಮಾಡು ಕೂರಿಸಿದರು. ನಗಬಾರದು, ಹಳೆಯದನ್ನು ಕೆಡವಲು ಒಪ್ಪಿದ ಸಭೆಯಲ್ಲಿ ಕೈ ಎತ್ತಿದವರಲ್ಲಿ ನಾನೂ ಒಬ್ಬ.

ಹಾಗೆ ಕೆಡವಿದಾಗ ಏನು ಹೋಗುತ್ತದೆ ಎಂದು ತಿಳಿಯಲು ಸಿರಸಿಯ ಮಾರಿಕಾಂಬಾ ದೇವಸ್ಥಾನಕ್ಕೆ ಹೋಗಬೇಕು. 1688ರ ಗುಡಿ ಅದು. ದೇವಿಯ ಏಳಡಿಯ ಮೂರ್ತಿ ಎಲ್ಲರ ಕಣ್ಣಿಗೂ ಬೀಳುತ್ತದೆ, ಒಳಗಿನ ಗೋಡೆ ಬೀಳುವುದಿಲ್ಲ. ಅಲ್ಲಿರುವುದು ಕಾವಿ ಕಲೆ. ಚಿಪ್ಪಿನ ಸುಣ್ಣದ ಗಾರೆ, ಅದರ ಮೇಲೆ ಕೆಮ್ಮಣ್ಣಿನ ತೆಳು ಪದರ. ಹಸಿ ಆರುವ ಮೊದಲೇ ಮೊನೆಯಿಂದ ಗೀರಿ ಕೆಂಪನ್ನು ತೆಗೆದರೆ ಒಳಗಿನ ಬಿಳಿ ದೇವರಾಗಿ, ಬಳ್ಳಿಯಾಗಿ ಹೊರಬರುತ್ತದೆ. ಬಣ್ಣ ಗಾರೆಯೊಂದಿಗೇ ಬಲಿತದ್ದು, ಆದ್ದರಿಂದ ಕಿತ್ತು ಬೇರೆಡೆ ಅಂಟಿಸುವಂತಿಲ್ಲ. ಗೋಡೆ ಹೋದರೆ ಚಿತ್ರವೂ ಹೋಯಿತು. ಹೊನ್ನಾವರದ ಕೃಷ್ಣಾನಂದ ಕಾಮತರು ಕರಾವಳಿಯ ಗುಡಿಗಳನ್ನು ಸುತ್ತಿ ಈ ಕಲೆಯನ್ನು ದಾಖಲಿಸದಿದ್ದರೆ ಎಷ್ಟೋ ಗೋಡೆಗಳ ನೆನಪೂ ಉಳಿಯುತ್ತಿರಲಿಲ್ಲ. ಹೊಸ ಬಣ್ಣ, ಟೈಲ್ಸು, ಭಕ್ತರ ಉತ್ಸಾಹ ಇವೇ ಅವನ್ನು ನುಂಗಿದ್ದು.

ಕೆಡವದೆ ಕೈಯಾಡಿಸುತ್ತಲೇ ಉಳಿಸಿಕೊಂಡವರೂ ಇದ್ದಾರೆ. ಆಫ್ರಿಕಾದ ಮಾಲಿ ದೇಶದಲ್ಲಿ ಜೆನ್ನೆ ಎಂಬ ಊರಿದೆ. ಅಲ್ಲಿನ ದೊಡ್ಡ ಮಸೀದಿ ಪೂರಾ ಮಣ್ಣಿನದು, ಈಗಿನ ಕಟ್ಟಡ 1907ರದ್ದು. ವರ್ಷಕ್ಕೊಮ್ಮೆ ಇಡೀ ಊರು ಸೇರಿ ಏಣಿ ಹತ್ತಿ ಗೋಡೆಗೆ ಹೊಸ ಕೆಸರು ಮೆತ್ತುತ್ತದೆ. ಹುಡುಗರು ಬುಟ್ಟಿಯಲ್ಲಿ ಕೆಸರು ಹೊತ್ತು ಓಡುತ್ತಾರೆ, ಹೆಂಗಸರು ನೀರು ತರುತ್ತಾರೆ. ಅದನ್ನು ಓದಿದಾಗ ನನಗೆ ನಮ್ಮ ಅವಲಕ್ಕಿಯ ವಾಸನೆ ಬಂತು.

ನಮ್ಮಲ್ಲೂ ದಾರಿ ಇಲ್ಲದಿಲ್ಲ. ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ 1991ರಿಂದ ಹಳೆಯ ಗುಡಿಗಳ ಕಲ್ಲು ಕಲ್ಲಿಗೂ ನಂಬರು ಹಾಕಿ ಬಿಚ್ಚಿ, ಅದೇ ಜಾಗದಲ್ಲಿ ಮತ್ತೆ ಜೋಡಿಸುತ್ತ ಬಂದಿದೆ. ಲೆಕ್ಕ ಸಾಮಾನ್ಯವಾಗಿ ಹೀಗೆ: ನೂರಕ್ಕೆ 40 ಸರ್ಕಾರದ್ದು, 40 ಟ್ರಸ್ಟಿನದು, 20 ಊರವರದು. ನನ್ನ ಕಣ್ಣಿಗೆ ಆ 20ರ ತೂಕವೇ ಹೆಚ್ಚು. 80 ಕೊಟ್ಟವರು ಉದ್ಘಾಟನೆ ಮುಗಿಸಿ ಹೊರಡುತ್ತಾರೆ. ಮುಂದಿನ ಮೇ ತಿಂಗಳಲ್ಲಿ ಏಣಿ ಹಾಕುವವರು 20 ಕೊಟ್ಟವರೇ.

ಸಿರಸಿಗೆ ಬಂದರೆ ದೇವಿಗೆ ಕೈಮುಗಿದು ಹೊರಡುವ ಮೊದಲು ಆ ಕೆಂಪು ಗೋಡೆಯ ಮುಂದೆ ಎರಡು ನಿಮಿಷ ನಿಲ್ಲಿ. ನಿಮ್ಮೂರಲ್ಲಿ ಜೀರ್ಣೋದ್ಧಾರದ ಸಭೆ ಕರೆದಿದ್ದರೆ, ಕೈ ಎತ್ತುವ ಮೊದಲು ಒಮ್ಮೆ ಮಾಡು ಹತ್ತಿ ನೋಡಿ. ಹಂಚು ಒಡೆದಿದೆಯೋ, ಬರೇ ಜರಗಿದೆಯೋ.