ನೆಲ ಬೊಬ್ಬೆ ಎದ್ದ ಗಾಡಿಮನೆ

ಕ್ವಾರ್ಟ್‌ಸೈಟ್, ಆರಿಜೋನಾ
ಜನವರಿ

ಪ್ರೀತಿಯ ಅಕ್ಕ,

ಈ ಸಲದ ಕಾಗದ ಒಂದು ಮರಳುಗಾಡಿನ ಊರಿನಿಂದ. ಲಾಸ್ ಏಂಜಲೀಸ್‌ನಿಂದ ಫೀನಿಕ್ಸ್‌ಗೆ ಹೋಗುವ 10ನೇ ನಂಬರಿನ ಹೆದ್ದಾರಿಯಲ್ಲಿ, ಕೊಲರಾಡೊ ನದಿ ದಾಟಿ ಸ್ವಲ್ಪ ದೂರ ಬಂದರೆ ಕ್ವಾರ್ಟ್‌ಸೈಟ್ ಸಿಗುತ್ತದೆ. ಬೇಸಿಗೆಯಲ್ಲಿ ಇಲ್ಲಿ ನರಪಿಳ್ಳೆ ಕಾಣುವುದೂ ಅಪರೂಪ. ಚಳಿಗಾಲ ಬಂತೆಂದರೆ ಕೆನಡಾ, ಮಿನೆಸೋಟ, ಓರೆಗಾನ್ ಕಡೆಯ ನಿವೃತ್ತರು ಕ್ಯಾಂಪರ್ ಟ್ರೇಲರ್ ಎಳೆದುಕೊಂಡು ಬಂದು ಬಯಲು ತುಂಬುತ್ತಾರೆ. ಊರ ಪಕ್ಕದ ಕೇಂದ್ರ ಸರ್ಕಾರದ ಜಾಗದಲ್ಲಿ ಪರ್ಮಿಟ್ ಪಡೆದು ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಬೀಡುಬಿಡಬಹುದು. ಗಾಡಿಯ ಬಾಗಿಲಿಗೆ ನಲ್ಲಿಯೂ ಬರುವುದಿಲ್ಲ, ಕರೆಂಟೂ ಬರುವುದಿಲ್ಲ.

ಇಲ್ಲಿ ಹೊಸ ಗಾಡಿಗಳಿಗಿಂತ ಕೈಬದಲಾದ ಹಳೆಯವುಗಳ ಕಥೆಯೇ ಸ್ವಾರಸ್ಯ. ಓರೆಗಾನ್‌ನ ಒಬ್ಬ ನಿವೃತ್ತ ಬಡಗಿ ಮತ್ತು ಅವರ ಹೆಂಡತಿ ಅಂಥದ್ದೊಂದನ್ನು ಅಗ್ಗಕ್ಕೆ ಕೊಂಡು ವಾಸವಿದ್ದಾರೆ. ಒಳಗೆ ಕಾಲಿಟ್ಟರೆ ಎಲ್ಲ ಒಪ್ಪ ಓರಣ. ನೆಲ ಮಾತ್ರ ಬೊಬ್ಬೆ ಎದ್ದಿದೆ. ಸಿಂಕಿನ ಮುಂದೆ ಅಂಗೈಯಗಲದ್ದು ಒಂದು, ಮಂಚದ ಮಗ್ಗುಲಲ್ಲಿ ಉದ್ದನೆಯದು ಇನ್ನೊಂದು. ಮೆಟ್ಟಿದರೆ ಒಂದು ಕಡೆ ಅಡಗಿ ಪಕ್ಕದಲ್ಲಿ ಏಳುತ್ತದೆ.

ಕಾರಣ ತಿಳಿಯಲು ಈ ನೆಲ ಹೇಗೆ ತಯಾರಾಗುತ್ತದೆ ನೋಡಬೇಕು. ಅಮೆರಿಕದ ಹೆಚ್ಚಿನ ಟ್ರೇಲರ್‌ಗಳು ಹುಟ್ಟುವುದು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತ. ತೂಕ ಉಳಿಸಲು ಬಹಳ ಗಾಡಿಗಳಲ್ಲಿ ಲೋಹದ ಚೌಕಟ್ಟಿನ ನಡುವೆ ಥರ್ಮೋಕೋಲ್ ತುಂಬಿ, ಮೇಲೆ ಕೆಳಗೆ ತೆಳು ಪ್ಲೈವುಡ್ ಅಂಟಿಸುತ್ತಾರೆ. ಅದರ ಮೇಲೆ ವಿನೈಲ್ ಶೀಟು. ಗೋಡೆ, ಕಪಾಟು ಕೂರಿಸುವ ಮೊದಲೇ ಶೀಟು ಹಾಸುವುದು ರೂಢಿ. ಹಾಗಾಗಿ ಅದರ ಅಂಚು ಗೋಡೆಯ ಅಡಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಹಗಲ ಬಿಸಿಲಿಗೆ ಶೀಟು ಹಿಗ್ಗುತ್ತದೆ. ಅಂಚು ಸರಿಯಲು ಜಾಗವಿಲ್ಲ. ನಡುವೆ ಉಬ್ಬದೆ ಇನ್ನೇನು ಮಾಡೀತು? ರಾತ್ರಿ ಚಳಿಗೆ ಕುಗ್ಗಿದಾಗ ಬೊಬ್ಬೆ ತಗ್ಗುತ್ತದೆ. ಇಂಥದ್ದು ನಿರಪಾಯ. ಇದನ್ನು ಕಟ್ಟಿಕೊಂಡೇ ವರ್ಷಗಟ್ಟಲೆ ಬಾಳಬಹುದು.

ನೀರಿನಿಂದ ಎದ್ದ ಬೊಬ್ಬೆಯದು ಬೇರೆ ಮಾತು, ಅಡಿಯ ಮರವೇ ಕೊಳೆಯುತ್ತಿರಬಹುದು.

ಅದಕ್ಕೇ ಬಡಗಿ ಮೊದಲು ಅಂಟಿನ ಡಬ್ಬಿ ಹುಡುಕಲಿಲ್ಲ, ದಬ್ಬಣ ಹುಡುಕಿದರು. ಸಿಂಕಿನ ಮುಂದಿನ ಉಬ್ಬನ್ನು ಬ್ಲೇಡಿನಲ್ಲಿ ಸಣ್ಣಗೆ ಸೀಳಿ, ಶೀಟನ್ನು ಎರಡು ಬೆರಳಲ್ಲಿ ಎತ್ತಿ, ದಬ್ಬಣದಿಂದ ಮರ ಚುಚ್ಚಿದರು. ಟಕ್ ಎಂದು ತಡೆಯಿತು. ಮರ ಬಿಳಿಚಿಕೊಂಡಿತ್ತು, ಗಟ್ಟಿಯಿತ್ತು. ಸಿರಿಂಜಿನಿಂದ ಒಳಗೆ ಅಂಟು ಬಿಟ್ಟು, ಹಲಗೆ ಇಟ್ಟು, ಮೇಲೆ ನೀರಿನ ಕ್ಯಾನು ಹೇರಿದರು. ಮಂಚದ ಪಕ್ಕದ್ದನ್ನು ಸೀಳಿದಾಗ ಮುಗ್ಗಲು ವಾಸನೆ ಬಂತು. ಕಪ್ಪಗಾಗಿದ್ದ ಪ್ಲೈವುಡ್ಡಿನ ಪದರಗಳಲ್ಲಿ ದಬ್ಬಣ ಸಲೀಸಾಗಿ ಇಳಿಯಿತು. ತೇವ ಅಳೆಯುವ ಮೀಟರು ಹಿಡಿದರೆ ಅಂಚಿನಲ್ಲಿ ಶೇ. 20 ದಾಟಿತ್ತು. ಮರದ ತೇವ ಅದಕ್ಕಿಂತ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರದ ಆಟ ನಡೆಯದು ಎಂಬುದು ಮರಗೆಲಸದವರ ಲೆಕ್ಕ.

ನೀರು ಬಂದದ್ದು ನೆಲದಿಂದಲ್ಲ, ಚಾವಣಿಯಿಂದ. ಮೂಲೆಯ ಪಟ್ಟಿಯ ಸೀಲೆಂಟ್ ಬಿರಿದು, ಓರೆಗಾನ್‌ನ ಮಳೆ ಗೋಡೆಯ ಒಳಗೇ ಇಳಿದು ನೆಲದ ಅಂಚು ಸೇರಿತ್ತು. ಗಾಡಿಯ ಹೊಟ್ಟೆಗೆ ಹೊದಿಸಿದ ಪ್ಲಾಸ್ಟಿಕ್ ಹಾಳೆ ಅದನ್ನು ಹೊರಗೆ ಬಿಡದೆ ಕೂಡಿಹಾಕಿತ್ತು.

ಒಳಗೇ ಹುಟ್ಟುವ ನೀರೂ ಕಡಿಮೆಯಲ್ಲ. ಒಲೆ, ಹೀಟರಿನಲ್ಲಿ ಒಂದು ಕಿಲೋ ಪ್ರೊಪೇನ್ ಅನಿಲ ಉರಿದರೆ ಸುಮಾರು 1.6 ಕಿಲೋ ನೀರಾವಿ ಬರುತ್ತದೆ. ಹೊಗೆ ಹೊರಗೆ ಹೋಗುವ ಹೀಟರ್ ಆದರೆ ಚಿಂತೆಯಿಲ್ಲ. ಒಲೆಯದ್ದು ಕಿಟಕಿ ತೆರೆಯದಿದ್ದರೆ ಗಾಡಿಯೊಳಗೇ ಸುತ್ತಿ, ರಾತ್ರಿ ತಣ್ಣನೆಯ ಮೂಲೆಗಳಲ್ಲಿ ಹನಿಗಟ್ಟುತ್ತದೆ. ಬಡಗಿಯ ಹೆಂಡತಿ ಚಳಿಯಿದ್ದರೂ ಅಡುಗೆ ಹೊತ್ತಿಗೆ ಚಾವಣಿಯ ಫ್ಯಾನು ಹಾಕುವುದು ಅದಕ್ಕೇ.

ಹಳೇ ಗಾಡಿ ಕೊಳ್ಳುವವರು ನೆಲದ ಜತೆ ಗಾಡಿಯ ಜಾತಕವನ್ನೂ ಕೇಳಬೇಕು. 2005ರ ಕತ್ರೀನಾ ಚಂಡಮಾರುತದ ನಿರಾಶ್ರಿತರಿಗೆ ಸರ್ಕಾರ ಕೊಟ್ಟ ಗಾಡಿಗಳಲ್ಲಿ ಕಣ್ಣುರಿ, ಉಸಿರಾಟದ ತೊಂದರೆಯ ದೂರು ಬಂದು, ಕೊನೆಗೆ 519 ಗಾಡಿಗಳ ಗಾಳಿ ಪರೀಕ್ಷೆಯಾಯಿತು. ಪ್ಲೈವುಡ್ಡಿನಂಥ ಅಂಟುಹಲಗೆಗಳಿಂದ ಹೊಮ್ಮುವ ಫಾರ್ಮಾಲ್ಡಿಹೈಡ್ ಸರಾಸರಿ ನೂರು ಕೋಟಿಗೆ 77 ಭಾಗ ಸಿಕ್ಕಿತು. ವಾಸಕ್ಕಲ್ಲ ಎಂಬ ಚೀಟಿ ಅಂಟಿಸಿ ಆಮೇಲೆ ಆ ಗಾಡಿಗಳನ್ನು ಹರಾಜು ಹಾಕಿದರು. 2010ರಲ್ಲಿ ಮೆಕ್ಸಿಕೋ ಕೊಲ್ಲಿ ತೀರದ ತೈಲ ಸೋರಿಕೆ ತೊಳೆಯಲು ಬಂದ ಕೂಲಿಗಳು ಅವುಗಳಲ್ಲೇ ವಾಸವಿದ್ದದ್ದು ಬೆಳಕಿಗೆ ಬಂತು.

ಸದ್ಯ ಮಂಚದ ಪಕ್ಕದ ಬೊಬ್ಬೆ ಸೀಳಿದಂತೆಯೇ ಇದೆ. ಮಳೆ ಅಪರೂಪದ ಈ ಒಣಹವೆಯಲ್ಲಿ ಮರ ತಾನಾಗಿ ಆರಲಿ ಎಂದು ಬಡಗಿ ಬಿಟ್ಟಿದ್ದಾರೆ. ಹೊಟ್ಟೆಯ ಪ್ಲಾಸ್ಟಿಕ್ಕನ್ನೂ ಒಂದು ಕಡೆ ಕತ್ತರಿಸಿ ಗಾಳಿಗೆ ದಾರಿ ಮಾಡಿದ್ದಾರೆ. ಕೊಳೆತಷ್ಟನ್ನು ಕತ್ತರಿಸಿ ಹೊಸ ಪ್ಲೈವುಡ್ ಕೂರಿಸುವುದು ಫೆಬ್ರವರಿಗೆ. ಅದಕ್ಕೆ ಮೊದಲು ಚಾವಣಿಯ ಹಳೆ ಸೀಲೆಂಟ್ ಕೆರೆದು ಹೊಸದು ಹಾಕಬೇಕು. ಹೆಂಡತಿಗೆ ಇಡೀ ಶೀಟನ್ನೇ ಬದಲಿಸುವ ಆಸೆ. ಕಪಾಟು ಬಿಚ್ಚಬೇಕಾಗುತ್ತದೆಂದು ಬಡಗಿ ಒಪ್ಪುತ್ತಿಲ್ಲ. ಏಪ್ರಿಲ್‌ನಲ್ಲಿ ಗಾಡಿ ಮತ್ತೆ ಓರೆಗಾನ್‌ನ ಮಳೆಗೆ ಹೋಗುವುದರೊಳಗೆ ಇಬ್ಬರೂ ಒಂದು ತೀರ್ಮಾನಕ್ಕೆ ಬರಬೇಕು. ಮುಂದಿನ ಕಾಗದ ಟ್ಯೂಸಾನ್‌ನಿಂದ.

ಇಂತಿ,
ನಿನ್ನ ತಮ್ಮ